ಫೇಗಿನ್‌ಗೆ ಹಾಡು ಕೊಟ್ಟವನು

ಸ್ವರಲಿಪಿ ಓದಲು ಬಾರದ, ಬರೆಯಲೂ ಬಾರದ ಒಬ್ಬ ಮನುಷ್ಯ ಲಂಡನ್ನಿನ ರಂಗಭೂಮಿಯಲ್ಲಿ ಆರು ವರ್ಷ ಓಡಿದ ಸಂಗೀತ ನಾಟಕವೊಂದನ್ನು ಕಟ್ಟಿದ. ಅದು ಡಿಕನ್ಸನ 'ಆಲಿವರ್ ಟ್ವಿಸ್ಟ್' ಕಾದಂಬರಿಯ ರಂಗರೂಪ. ಕತೆ ಇಳಿಸಿದ್ದು, ಮಾತು ಬರೆದದ್ದು, ಹಾಡು ಕಟ್ಟಿದ್ದು, ಧಾಟಿ ಕೂರಿಸಿದ್ದು ಎಲ್ಲವೂ ಆತನೇ. ಬಾಯಲ್ಲಿ ಗುನುಗುತ್ತಿದ್ದ, ಇಲ್ಲವೇ ಪಿಯಾನೋದ ಮೇಲೆ ಒಂದೇ ಬೆರಳಿನಲ್ಲಿ ಒತ್ತಿ ತೋರಿಸುತ್ತಿದ್ದ. ಅಕ್ಷರ ಬಲ್ಲವರು ಅದನ್ನು ಕಾಗದಕ್ಕೆ ಇಳಿಸಿಕೊಳ್ಳುತ್ತಿದ್ದರು. 1960ರ ಜೂನ್ 30ರಂದು ಲಂಡನ್ನಿನ ನ್ಯೂ ಥಿಯೇಟರಿನಲ್ಲಿ ತೆರೆಕಂಡ 'ಆಲಿವರ್!' ಒಟ್ಟು 2,618 ಪ್ರದರ್ಶನಗಳನ್ನು ಕಂಡಿತು. ಆ ಮನುಷ್ಯನ ಹೆಸರು ಲಿಯೊನೆಲ್ ಬಾರ್ಟ್.

ಸ್ವರಲಿಪಿ ಬಾರದ ಸಂಗೀತಗಾರನೆಂದರೆ ಯುರೋಪಿನವರಿಗೆ ಅಚ್ಚರಿಯಾಗಬಹುದು. ನಮಗೇನು ಅಚ್ಚರಿ? ನಮ್ಮ ಉಸ್ತಾದರ ಮನೆತನಗಳಲ್ಲಿ ವಿದ್ಯೆ ದಾಟಿ ಬಂದದ್ದು 'ಸೀನಾ-ಬ-ಸೀನಾ', ಅಂದರೆ ಎದೆಯಿಂದ ಎದೆಗೆ. ನಮ್ಮ ಕಂಪೆನಿ ನಾಟಕಗಳ ಹಾರ್ಮೋನಿಯಂ ಮಾಸ್ತರರಲ್ಲಿ ಎಷ್ಟು ಮಂದಿ ಕಾಗದ ನೋಡಿ ನುಡಿಸಿದವರು? ಆದ್ದರಿಂದ ಬಾರ್ಟ್ ನಮಗೆ ಹತ್ತಿರದವನಾಗಿ ಕಾಣುವುದು ಆತನ ಅಜ್ಞಾನದಿಂದಲ್ಲ. ಬೇರೆಯೇ ಒಂದು ಕಾರಣವಿದೆ. ತನ್ನ ಜನರನ್ನು ಕಳ್ಳರೆಂದು ಲೋಕಕ್ಕೆಲ್ಲ ಸಾರಿದ ಪುಸ್ತಕವನ್ನೇ ಆತ ಎತ್ತಿಕೊಂಡ. ಆ ಕಳ್ಳನ ಬಾಯಿಗೇ ಹಾಡನ್ನು ಇಟ್ಟ. ಒಂದು ಸಮುದಾಯ ತನ್ನ ಬಗ್ಗೆ ಇನ್ನೊಬ್ಬರು ಬರೆದಿಟ್ಟದ್ದನ್ನು ಏನು ಮಾಡಬೇಕು ಎಂಬ ಪ್ರಶ್ನೆ ಇಂದು ನಮ್ಮದೂ ಆಗಿರುವುದರಿಂದ ಆತನ ಕತೆಯನ್ನು ಇಲ್ಲಿ ಹೇಳಬೇಕೆನಿಸಿತು.

ಬಾರ್ಟ್ ಹುಟ್ಟಿದ್ದು 1930ರ ಆಗಸ್ಟ್ 1ರಂದು, ಲಂಡನ್ನಿನ ಈಸ್ಟ್ ಎಂಡ್ ಎಂಬ ಬಡವರ ಭಾಗದ ಸ್ಟೆಪ್ನಿಯಲ್ಲಿ. ಹುಟ್ಟುಹೆಸರು ಲಿಯೊನೆಲ್ ಬೆಗ್ಲೈಟರ್. ಯಹೂದಿಗಳ ಮೇಲೆ ನಡೆದ ಹಿಂಸೆಗೆ ಹೆದರಿ ಪೂರ್ವ ಯುರೋಪಿನ ಗಲೀಶಿಯಾದಿಂದ ಓಡಿಬಂದ ಕುಟುಂಬ ಅದು. ತಂದೆ ದರ್ಜಿ. ಮಕ್ಕಳಲ್ಲಿ ಲಿಯೊನೆಲನೇ ಕಿರಿಯ. ಈ ಹುಡುಗನಲ್ಲಿ ಸಂಗೀತವಿದೆ ಎಂದು ಮೇಷ್ಟರೊಬ್ಬರು ಹೇಳಿದ್ದಕ್ಕೆ ಮನೆಯವರು ಹಳೆಯ ಪಿಟೀಲೊಂದನ್ನು ಕೊಡಿಸಿದರಂತೆ. ಹುಡುಗ ಕಲಿಯಲಿಲ್ಲ, ಪಾಠ ನಿಂತುಹೋಯಿತು. ದರ್ಜಿಯ ಮನೆಯಲ್ಲಿ ಬೆಳೆದವನಿಗೆ ತಾಳ ಕಲಿಸಲು ಪಿಟೀಲೇ ಬೇಕೆಂದೇನಿಲ್ಲ. ನಮ್ಮ ಮೊಹಲ್ಲಾದ ಟೈಲರ್ ಅಂಗಡಿಗಳನ್ನು ಬಲ್ಲವರಿಗೆ ಇದು ಗೊತ್ತು: ಪೆಡಲಿನ ಮೇಲೆ ಕಾಲು, ಮೂಲೆಯಲ್ಲಿ ರೇಡಿಯೋ, ಬಾಯಲ್ಲಿ ರಫಿಯ ಹಾಡು. ಹೊಲಿಗೆ ಯಂತ್ರದ ಸದ್ದಿಗೆ ಹಾಡನ್ನು ಹೊಂದಿಸಿಕೊಳ್ಳುವುದನ್ನು ಅಲ್ಲಿ ಯಾರೂ ಯಾರಿಗೂ ಹೇಳಿಕೊಟ್ಟದ್ದಿಲ್ಲ.

ಸ್ಟೆಪ್ನಿ ಮತ್ತು ಅದರ ಪಕ್ಕದ ವೈಟ್‌ಚಾಪೆಲ್‌ನಲ್ಲಿ ಆಗ ಯಿಡ್ಡಿಷ್ ಭಾಷೆಯ ನಾಟಕಶಾಲೆಗಳಿದ್ದವು. ಸಿನಗಾಗಿನಲ್ಲಿ ಪ್ರಾರ್ಥನೆ ಹಾಡುವವರ ಕಂಠ, ಮದುವೆಮನೆಯ ಪಿಟೀಲು, ಸಂತೆಯಲ್ಲಿ ಕೂಗಿ ಮಾರುವವರ ಧಾಟಿ, ಇಂಗ್ಲಿಷರ ಅಗ್ಗದ ಸಂಗೀತಶಾಲೆಗಳ ಪೋಲಿ ಹಾಡು ಎಲ್ಲವೂ ಒಂದೇ ಬೀದಿಯಲ್ಲಿ ಕಲೆತು ಹೋಗಿದ್ದವು. ಬಾರ್ಟ್ ಚಿತ್ರಕಲೆ ಓದಿದ, ವಾಯುಪಡೆಯಲ್ಲಿ ಕಡ್ಡಾಯ ಸೇವೆ ಮಾಡಿದ, ಗೆಳೆಯನೊಂದಿಗೆ ಮುದ್ರಣದ ಅಂಗಡಿ ಇಟ್ಟ. ಎಡಪಂಥೀಯರ ಯೂನಿಟಿ ಥಿಯೇಟರಿಗೆ ಪರದೆ ಬರೆಯಲು ಹೋದವನು ಹಾಡು ಬರೆಯತೊಡಗಿದ. ಪಾಪ್ ಗಾಯಕರು ಆತನ ಹಾಡುಗಳನ್ನು ಎತ್ತಿಕೊಂಡರು. 1959ರಲ್ಲಿ ಆತ ಬರೆದ 'ಲಿವಿಂಗ್ ಡಾಲ್' ಎಂಬ ಹಾಡನ್ನು ಇಡೀ ಇಂಗ್ಲೆಂಡಿನ ಬಾಯಲ್ಲಿ ಹಾಡಿಸಿದವನು ಕ್ಲಿಫ್ ರಿಚರ್ಡ್. ಈ ಕ್ಲಿಫ್ 1940ರಲ್ಲಿ ನಮ್ಮ ಲಖನೌದಲ್ಲಿ ಹುಟ್ಟಿದವನು ಎಂದರೆ ಉರ್ದು ಬಲ್ಲ ಓದುಗರು ಮುಗುಳ್ನಗಬಹುದು.

ಆ ಹೊತ್ತಿಗೆ ಬಾರ್ಟ್ ಕೈಗೆ ಡಿಕನ್ಸ್ ಸಿಕ್ಕಿದ್ದ. ಚಾಕೊಲೇಟಿನ ಹೊದಿಕೆಯ ಮೇಲೆ ಬಟ್ಟಲು ಹಿಡಿದು ಇನ್ನಷ್ಟು ಅಂಬಲಿ ಬೇಡುವ ಅನಾಥ ಹುಡುಗನ ಚಿತ್ರವಿತ್ತು, ಅದೇ ತನಗೆ ಪ್ರೇರಣೆ ಎಂದು ಆತ ಹೇಳಿಕೊಳ್ಳುತ್ತಿದ್ದ. ಕಾದಂಬರಿಯ ಆ ಭಾಗ ನಮಗೂ ಹೈಸ್ಕೂಲಿನ ಇಂಗ್ಲಿಷ್ ಪಾಠವಾಗಿ ಬಂದಿತ್ತು. ಉರ್ದು ಶಾಲೆ ಮುಗಿಸಿ ಕನ್ನಡ ಮಾಧ್ಯಮದ ಬೆಂಚಿನಲ್ಲಿ ಆಗಷ್ಟೇ ಕುಳಿತಿದ್ದ ನಮಗೆ ಆ ಹುಡುಗ ಯಾವ ಭಾಷೆಯವನೂ ಆಗಿ ಕಾಣಲಿಲ್ಲ, ಹಸಿದವನಾಗಿ ಮಾತ್ರ ಕಂಡ. ಪಾಠದಲ್ಲಿ ಫೇಗಿನ್ ಇರಲಿಲ್ಲ. ಆತನ ಪರಿಚಯವಾದದ್ದು ಬಹಳ ವರ್ಷಗಳ ನಂತರ, ಇಡೀ ಕಾದಂಬರಿಯನ್ನು ಓದಿದಾಗ.

ಕಾದಂಬರಿ ರಂಗಕ್ಕೆ ಇಳಿಯುವಾಗ ಏನು ಉಳಿಯುತ್ತದೆ, ಏನು ಹೋಗುತ್ತದೆ? ಕತೆ ಬರೆಯುವ ನಮ್ಮಂಥವರಿಗೆ ಇದು ಯಾವಾಗಲೂ ಸಂಕಟದ ವಿಚಾರ. ಡಿಕನ್ಸನ ಕಾದಂಬರಿ 1837ರಿಂದ 1839ರವರೆಗೆ ಮಾಸಪತ್ರಿಕೆಯೊಂದರಲ್ಲಿ ಧಾರಾವಾಹಿಯಾಗಿ ಬಂದದ್ದು. ಧಾರಾವಾಹಿಗೆ ಇರಬೇಕಾದ ಗಂಟುಗಳೆಲ್ಲ ಅದರಲ್ಲಿವೆ: ಮರೆಯಾದ ಉಯಿಲು, ಮಲಸಹೋದರನ ಸಂಚು, ಹಳ್ಳಿಮನೆಯ ದಯಾಳು ಹೆಣ್ಣುಮಕ್ಕಳು. ಬಾರ್ಟ್ ಇವನ್ನೆಲ್ಲ ನಿರ್ದಾಕ್ಷಿಣ್ಯವಾಗಿ ಕಿತ್ತುಹಾಕಿದ. ಮಂಕ್ಸ್ ಎಂಬ ಖಳ ಹೋದ, ಮೇಲಿ ಕುಟುಂಬ ಹೋಯಿತು. ಹುಡುಗನನ್ನು ಕಾಪಾಡುವ ಬ್ರೌನ್‌ಲೋ ಎಂಬ ಸಭ್ಯ ಮುದುಕನನ್ನೇ ಅವನ ತಾಯಿಯ ತಂದೆಯನ್ನಾಗಿ ಮಾಡಿ ನೂರಾರು ಪುಟಗಳನ್ನು ಉಳಿಸಿದ. ಉಳಿದದ್ದು ಅನಾಥಾಲಯ, ಬೀದಿ, ಕಳ್ಳರ ಗೂಡು, ನ್ಯಾನ್ಸಿ ಎಂಬ ನತದೃಷ್ಟ ಹೆಣ್ಣು. ಲಂಡನ್ನಿನ ಬೆಳಗಿನ ಬೀದಿಯಲ್ಲಿ ಗುಲಾಬಿ ಮಾರುವವಳು, ಹಾಲು ಮಾರುವವಳು, ಸಾಣೆ ಹಿಡಿಯುವವನು ಒಬ್ಬೊಬ್ಬರೇ ತಮ್ಮ ಕೂಗಿನೊಂದಿಗೆ ಬರುತ್ತಾರೆ. ಆ ಕೂಗುಗಳೇ ಒಂದರ ಮೇಲೊಂದು ಕುಳಿತು ಹಾಡಾಗುತ್ತವೆ. ಡಿಕನ್ಸ್ ಹತ್ತು ಪುಟಗಳಲ್ಲಿ ವರ್ಣಿಸುವ ಊರನ್ನು ಬಾರ್ಟ್ ನಾಲ್ಕು ನಿಮಿಷದಲ್ಲಿ ಕಿವಿಗೆ ತುಂಬುತ್ತಾನೆ. ಇದನ್ನು ನಷ್ಟವೆನ್ನಲು ನಮಗೆ ಮನಸ್ಸು ಬಾರದು.

ಹಲವು ನಿರ್ಮಾಪಕರು ಬೇಡವೆಂದ ನಾಟಕವದು. ಅನಾಥರು, ಕಳ್ಳರು, ಕೊಲೆ. ಇದಕ್ಕೆ ಯಾರು ಟಿಕೆಟ್ ಕೊಳ್ಳುತ್ತಾರೆ? ಕೊನೆಗೆ ಡೊನಾಲ್ಡ್ ಆಲ್ಬರಿ ಎಂಬಾತ ಒಪ್ಪಿದ. ಶಾನ್ ಕೆನ್ನಿ ಎಂಬ ರಂಗವಿನ್ಯಾಸಕಾರ ಪರದೆಗಳನ್ನು ಬಿಟ್ಟು ಒರಟು ಮರದ ಅಟ್ಟ, ಏಣಿ, ತಿರುಗುವ ವೇದಿಕೆ ಕಟ್ಟಿದ. ಲಂಡನ್ನಿನ ಹೊರವಲಯದ ವಿಂಬಲ್ಡನ್‌ನಲ್ಲಿ 1960ರ ಜೂನ್ 10ರಂದು ಪ್ರಾಯೋಗಿಕ ಪ್ರದರ್ಶನವಾಯಿತು. ಇಪ್ಪತ್ತು ದಿನಗಳಾದ ಮೇಲೆ ಲಂಡನ್ನಿನ ನಡುಮನೆಗೆ ನಾಟಕ ಬಂತು. ಮುಂದಿನದು ಎಲ್ಲರೂ ಬಲ್ಲ ಕತೆ. 1963ರಲ್ಲಿ ನ್ಯೂಯಾರ್ಕ್ ಸೇರಿತು. 1968ರಲ್ಲಿ ಕ್ಯಾರಲ್ ರೀಡ್ ಇದನ್ನು ಸಿನೆಮಾ ಮಾಡಿದಾಗ ಶ್ರೇಷ್ಠ ಚಿತ್ರವೆಂದು ಆಸ್ಕರ್ ಪ್ರಶಸ್ತಿ ಬಂತು.

ಈಗ ಫೇಗಿನ್ ವಿಷಯಕ್ಕೆ ಬರೋಣ. ಅನಾಥ ಮಕ್ಕಳನ್ನು ಕೂಡಿಹಾಕಿ ಜೇಬುಗಳ್ಳತನ ಕಲಿಸುವ ಮುದುಕ ಈತ. ಡಿಕನ್ಸ್ ಆತನನ್ನು ಮೊದಲಬಾರಿಗೆ ತೋರಿಸುವ ರೀತಿ ನೋಡಿ: ಉರಿಯುವ ಒಲೆ, ಕೈಯಲ್ಲಿ ಕವೆಗೋಲು, ಜಡೆಗಟ್ಟಿದ ಕೆಂಪು ಕೂದಲು. ಹಳೆಯ ಕ್ರೈಸ್ತ ನಾಟಕಗಳ ಸೈತಾನನ ಉಡುಪನ್ನೇ ತೊಡಿಸಿದ ಹಾಗಿದೆ. ಅದಕ್ಕಿಂತ ಹೆಚ್ಚಾಗಿ ಮೊದಲ 38 ಅಧ್ಯಾಯಗಳಲ್ಲಿ ಲೇಖಕ ಆತನನ್ನು ಹೆಸರಿಟ್ಟು ಕರೆದದ್ದು ಕಡಿಮೆ, 'ಯಹೂದಿ' ಎಂದು ಕರೆದದ್ದು 250ಕ್ಕೂ ಹೆಚ್ಚು ಸಲ. ಯಹೂದಿ ಹೇಳಿದ, ಯಹೂದಿ ನಕ್ಕ, ಯಹೂದಿ ಕೈ ಉಜ್ಜಿಕೊಂಡ. ಪುಸ್ತಕ ಮುಗಿಯುವಷ್ಟರಲ್ಲಿ ಓದುಗನ ತಲೆಯಲ್ಲಿ ಫೇಗಿನ್ ಹೋಗಿ ಯಹೂದಿ ಉಳಿಯುತ್ತಾನೆ.

ಇದನ್ನು ಪ್ರಶ್ನಿಸಿದವಳು ಒಬ್ಬ ಗೃಹಿಣಿ. ಹೆಸರು ಎಲೈಝಾ ಡೇವಿಸ್. ಡಿಕನ್ಸ್ 1860ರಲ್ಲಿ ತನ್ನ ಲಂಡನ್ ಮನೆಯನ್ನು ಮಾರಿದಾಗ ಕೊಂಡದ್ದು ಈಕೆಯ ಗಂಡ, ಯಹೂದಿ. 1863ರಲ್ಲಿ ಆಕೆ ಲೇಖಕನಿಗೇ ಕಾಗದ ಬರೆದಳು. ಬಡವರ ಪರವಾಗಿ ಇಷ್ಟು ಬರೆದವರು ನಮ್ಮ ಜನಕ್ಕೆ ಹೀಗೇಕೆ ಅನ್ಯಾಯ ಮಾಡಿದಿರಿ ಎಂಬುದು ಅದರ ಸಾರಾಂಶ. ಡಿಕನ್ಸನ ಮೊದಲ ಉತ್ತರ ನಮಗೆಲ್ಲ ಪರಿಚಿತವಾದದ್ದೇ: ಆ ಕಾಲದಲ್ಲಿ ಅಂಥ ಕಸುಬಿನವರು ಸಾಮಾನ್ಯವಾಗಿ ಯಹೂದಿಗಳೇ ಆಗಿದ್ದರು, ಕತೆಯ ಉಳಿದ ದುಷ್ಟರೆಲ್ಲ ಕ್ರೈಸ್ತರೇ ಅಲ್ಲವೇ, ಎಂದು. ಮಾತು ನಿಜ. ನ್ಯಾನ್ಸಿಯನ್ನು ಬಡಿದು ಕೊಲ್ಲುವ ಬಿಲ್ ಸೈಕ್ಸ್ ಯಹೂದಿಯಲ್ಲ. ಆದರೆ ಸೈಕ್ಸ್ ದೊಣ್ಣೆ ಎತ್ತಿದಾಗ 'ಕ್ರೈಸ್ತ ದೊಣ್ಣೆ ಎತ್ತಿದ' ಎಂದು ಡಿಕನ್ಸ್ ಬರೆಯಲಿಲ್ಲ. ಅಪರಾಧ ಮಾಡಿದಾಗ ಒಬ್ಬನಿಗೆ ತನ್ನ ಹೆಸರು, ಇನ್ನೊಬ್ಬನಿಗೆ ತನ್ನ ಕೋಮಿನ ಹೆಸರು. ಬೆಳಗಿನ ಪತ್ರಿಕೆ ಬಿಡಿಸುವ ನಮ್ಮ ಓದುಗರಿಗೆ ಇದರ ಮೇಲೆ ಟಿಪ್ಪಣಿ ಬೇಕಾಗಲಾರದು.

ಡಿಕನ್ಸನ ದೊಡ್ಡತನವನ್ನೂ ಹೇಳಬೇಕು. ಆತ ಕಾಗದವನ್ನು ಮರೆಯಲಿಲ್ಲ. ಮುಂದಿನ ಕಾದಂಬರಿ 'ಅವರ್ ಮ್ಯೂಚುವಲ್ ಫ್ರೆಂಡ್'ನಲ್ಲಿ ರಾಯಾ ಎಂಬ ಸಜ್ಜನ ಯಹೂದಿ ಮುದುಕನನ್ನು ತಂದ. 1867ರ ಆವೃತ್ತಿಯಲ್ಲಿ 'ಆಲಿವರ್ ಟ್ವಿಸ್ಟ್'ನ ಕೊನೆಯ ಅಧ್ಯಾಯಗಳಿಂದ ಆ 'ಯಹೂದಿ' ಪದವನ್ನು ಬಹುಮಟ್ಟಿಗೆ ತೆಗೆದುಹಾಕಿದ. ಎಲೈಝಾ ಆತನಿಗೆ ಹೀಬ್ರೂ-ಇಂಗ್ಲಿಷ್ ಬೈಬಲ್ಲೊಂದನ್ನು ಉಡುಗೊರೆ ಕೊಟ್ಟಳು. ಒಬ್ಬ ಹೆಣ್ಣುಮಗಳ ಸಭ್ಯವಾದ ಕಾಗದ ಇಂಗ್ಲಿಷ್ ಸಾಹಿತ್ಯದ ಮಹಾರಾಯನ ಕೈಯಿಂದ ತಿದ್ದುಪಡಿ ಮಾಡಿಸಿತು. ಗಲಾಟೆಯಿಲ್ಲ, ಪುಸ್ತಕ ಸುಡುವುದಿಲ್ಲ. ಆದರೆ ಒಪ್ಪಿಕೊಳ್ಳಬೇಕಾದ ಕಹಿ ಮಾತೂ ಒಂದಿದೆ. ಸಜ್ಜನ ರಾಯಾನನ್ನು ಇಂದು ಯಾರು ನೆನೆಯುತ್ತಾರೆ? ಜನರ ನೆನಪಿನಲ್ಲಿ ನಿಂತದ್ದು ಫೇಗಿನ್. ಕೆಟ್ಟ ಪಾತ್ರಕ್ಕೆ ಉತ್ತರವಾಗಿ ಒಳ್ಳೆಯ ಪಾತ್ರವೊಂದನ್ನು ಬರೆದರೆ ಲೆಕ್ಕ ಚುಕ್ತಾ ಆಗುವುದಿಲ್ಲ.

ಎಂಬತ್ತು ವರ್ಷಗಳ ನಂತರ ಈ ಪಾತ್ರ ಮತ್ತೆ ಎದ್ದು ಬಂತು. 1948ರಲ್ಲಿ ಡೇವಿಡ್ ಲೀನ್ ಮಾಡಿದ ಸಿನೆಮಾದಲ್ಲಿ ಆಲೆಕ್ ಗಿನ್ನೆಸ್ ಫೇಗಿನ್ ಆದ. ಹಳೆಯ ಚಿತ್ರಗಳನ್ನೇ ಮಾದರಿಯಾಗಿಟ್ಟುಕೊಂಡು ಭಾರಿ ಗಾತ್ರದ ಕೊಕ್ಕೆ ಮೂಗನ್ನು ಅಂಟಿಸಿಕೊಂಡ. ಗ್ಯಾಸ್ ಕೋಣೆಗಳ ಹೊಗೆ ಆರಿ ಆಗಿನ್ನೂ ಮೂರು ವರ್ಷ. 1949ರಲ್ಲಿ ಬರ್ಲಿನ್ನಿನಲ್ಲಿ ಈ ಚಿತ್ರ ತೋರಿಸಹೊರಟಾಗ ಬದುಕುಳಿದ ಯಹೂದಿಗಳು ಬೀದಿಗಿಳಿದರು. ಅಮೆರಿಕದಲ್ಲಿ 1951ರವರೆಗೆ ಬಿಡುಗಡೆಯಾಗಲಿಲ್ಲ, ಆದಾಗಲೂ ಕತ್ತರಿ ಬಿದ್ದಿತ್ತು. ಲೀನ್ ದ್ವೇಷಿಯೇನಲ್ಲ, ಗಿನ್ನೆಸ್ ಮಹಾನಟ. ಆದರೆ ಮೂಗಿಗೆ ಚರಿತ್ರೆಯಿದೆ ಎಂಬುದು ಮೂಗು ಅಂಟಿಸಿಕೊಂಡವರಿಗೆ ಗೊತ್ತಾಗುವುದಿಲ್ಲ, ಆ ಮೂಗಿನ ಸಲುವಾಗಿ ಓಡಿಬಂದವರಿಗೆ ಗೊತ್ತಿರುತ್ತದೆ.

ಇಷ್ಟೆಲ್ಲ ಆದ ಮೇಲೆ, ಸ್ಟೆಪ್ನಿಯ ಯಹೂದಿ ದರ್ಜಿಯ ಮಗ ಈ ಪುಸ್ತಕವನ್ನು ಮುಟ್ಟುತ್ತಾನೆ. ಆತ ಫೇಗಿನ್‌ನನ್ನು ಕತೆಯಿಂದ ಬಿಡಬಹುದಿತ್ತು, ಮಂಕ್ಸ್‌ನನ್ನು ಬಿಟ್ಟ ಹಾಗೆ. ಬೇರೆ ಜಾತಿಯವನನ್ನಾಗಿ ಮಾಡಬಹುದಿತ್ತು. ಸಂತನನ್ನಾಗಿಯೂ ಮಾಡಬಹುದಿತ್ತು. ಇವು ಮೂರನ್ನೂ ಮಾಡದೆ ಆತನಿಗೆ ಹಾಡು ಕೊಟ್ಟ. ಫೇಗಿನ್ ಕಳ್ಳನೇ, ಮಕ್ಕಳನ್ನು ದುಡಿಸಿಕೊಳ್ಳುವವನೇ, ಪೆಟ್ಟಿಗೆಯಲ್ಲಿ ಒಡವೆ ಬಚ್ಚಿಟ್ಟವನೇ. ಆದರೆ ಎರಡನೆಯ ಭಾಗದಲ್ಲಿ ಆತ ಒಬ್ಬನೇ ನಿಂತು ತನ್ನ ಬದುಕನ್ನು ತೂಗಿ ನೋಡಿಕೊಳ್ಳುವ ಒಂದು ಹಾಡಿದೆ. ಕಸುಬು ಬಿಡಲೇ? ಬಿಟ್ಟರೆ ಮುದಿಯನಿಗೆ ಕೆಲಸ ಯಾರು ಕೊಡುತ್ತಾರೆ? ಮದುವೆಯಾಗಲೇ? ಊರ ಸಭ್ಯರು ಬಾಗಿಲು ತೆರೆಯುತ್ತಾರೆಯೇ? ಪ್ರತಿಯೊಂದು ದಾರಿಯ ಕೊನೆಗೂ ಹೋಗಿ ಹಿಂದಿರುಗಿ ಬರುತ್ತಾನೆ. ಧಾಟಿ ಒಮ್ಮೆ ಓಡುತ್ತದೆ, ಒಮ್ಮೆ ತಡವರಿಸಿ ಆಲಾಪದಂತೆ ಎಳೆಯುತ್ತದೆ. ಆ ಎಳೆತ ಸಿನಗಾಗಿನದು, ಪಿಟೀಲು ಯಹೂದಿ ಮದುವೆಮನೆಯದು. ಡಿಕನ್ಸ್ ಬೈಗುಳದಂತೆ ಬಳಸಿದ ಯಹೂದಿತನವನ್ನು ಬಾರ್ಟ್ ಸ್ವರವಾಗಿ ಹಿಂದಕ್ಕೆ ಪಡೆದ. ಕೇಳುವವರು ನಗುತ್ತಾರೆ. ನಗುನಗುತ್ತಲೇ, ಈ ಮನುಷ್ಯನಿಗೂ ಒಂದು ಒಳಗು ಇದೆ ಎಂದು ಅರಿಯುತ್ತಾರೆ.

ಮೊದಲ ಪ್ರದರ್ಶನದಲ್ಲಿ ಫೇಗಿನ್ ಆದವನು ರಾನ್ ಮೂಡಿ, ಹುಟ್ಟುಹೆಸರು ಮೂಡ್ನಿಕ್. ನ್ಯಾನ್ಸಿಯಾದವಳು ಜಾರ್ಜಿಯಾ ಬ್ರೌನ್, ವೈಟ್‌ಚಾಪೆಲ್‌ನವಳು, ಹುಟ್ಟುಹೆಸರು ಲಿಲಿಯನ್ ಕ್ಲಾಟ್. ಇಬ್ಬರೂ ಯಹೂದಿಗಳು. ಕಾದಂಬರಿಯ ಫೇಗಿನ್ ಗಲ್ಲಿಗೆ ಹೋಗುತ್ತಾನೆ. ಸೆರೆಮನೆಗೆ ಪ್ರಾರ್ಥನೆ ಹೇಳಲು ಬಂದ ತನ್ನ ಮತದ ಹಿರಿಯರನ್ನೂ ಬೈದು ಅಟ್ಟುತ್ತಾನೆ. ಬಾರ್ಟ್ ಗಲ್ಲಿನ ಹಗ್ಗ ಬಿಚ್ಚಿದ. ಆತನ ಫೇಗಿನ್ ಕೂಡಿಟ್ಟದ್ದನ್ನೆಲ್ಲ ಕಳಕೊಂಡು, ಇನ್ನಾದರೂ ಬದಲಾಗಲೇ ಎಂದು ಯೋಚಿಸುತ್ತ ಹೊರಟುಹೋಗುತ್ತಾನೆ.

ಇದನ್ನು ಒಪ್ಪದವರೂ ಇದ್ದಾರೆ. ನಗಿಸುವ ಕಳ್ಳ ಕೊನೆಗೂ ಕಳ್ಳನೇ, ಜಿಪುಣ ಯಹೂದಿಯ ಹಳೇ ಚಿತ್ರಕ್ಕೆ ಇದು ಹೊಸ ಬಣ್ಣ ಅಷ್ಟೇ ಎನ್ನುತ್ತಾರೆ. ಆ ಮಾತನ್ನು ತಳ್ಳಿಹಾಕುವಂತಿಲ್ಲ. ನಗು ಎರಡೂ ಕಡೆ ಅಲಗಿರುವ ಚೂರಿ. ನಮ್ಮ ಸಿನೆಮಾಗಳಲ್ಲಿ 'ಅರೇ ಭಾಯ್, ನಂದು ಕೇಳೋದು' ಎಂಬ ಮುರುಕು ಕನ್ನಡದ ಸಾಬಿಯನ್ನು ನೋಡಿ ಜನ ನಗುತ್ತಾರೆ, ಪಕ್ಕದಲ್ಲಿ ಕುಳಿತ ನಾವೂ ನಗಬೇಕಾಗುತ್ತದೆ. ಕಾಲೇಜಿನ ದಿನಗಳಲ್ಲಿ ವಾರ್ಷಿಕೋತ್ಸವದ ನಾಟಕವೆಂದರೆ ನಮಗೆ ಒಂದು ಪಾತ್ರ ಖಾಯಂ: ಚೌಕಳಿ ಲುಂಗಿ, ಜಾಳಿ ಟೋಪಿ, ಎರಡು ಮಾತು. ನಮ್ಮ ಕನ್ನಡ ಉಳಿದ ಹುಡುಗರಿಗಿಂತ ಚೆನ್ನಾಗಿಯೇ ಇತ್ತು. ಆದರೂ ಅದನ್ನು ಕೆಡಿಸಿ ಆಡಬೇಕಿತ್ತು, ಇಲ್ಲದಿದ್ದರೆ 'ಸಾಬಿ ಅನ್ನಿಸೋಲ್ಲ' ಎನ್ನುತ್ತಿದ್ದರು. ವ್ಯತ್ಯಾಸ ಎಲ್ಲಿದೆ ಎಂದು ಕೇಳಿದರೆ ನಮ್ಮ ಉತ್ತರ ಇಷ್ಟೇ. ಆ ಸಾಬಿ ನಗಿಸಿ ಹೊರಟುಹೋಗುತ್ತಾನೆ, ರಂಗದ ಮೇಲೆ ಒಬ್ಬನೇ ನಿಲ್ಲಲು ಆತನಿಗೆ ಎರಡು ನಿಮಿಷವನ್ನೂ ಯಾರೂ ಕೊಟ್ಟಿಲ್ಲ. ಬಾರ್ಟ್ ಫೇಗಿನ್‌ಗೆ ಕೊಟ್ಟದ್ದು ಆ ಎರಡು ನಿಮಿಷ.

ಇತ್ತೀಚೆಗೆ ನಮ್ಮದೇ ಒಂದು ಕತೆಯನ್ನು ಹಾಡುಗಳೊಂದಿಗೆ ರಂಗಕ್ಕೆ ತರಲು ಹವ್ಯಾಸಿ ತಂಡವೊಂದು ಮುಂದೆ ಬಂತು. ಕತೆಯಲ್ಲಿ ಒಬ್ಬ ಗುಜರಿ ವ್ಯಾಪಾರಿ ಇದ್ದಾನೆ, ಕದ್ದ ಮಾಲೆಂದು ಗೊತ್ತಿದ್ದೂ ಕೊಳ್ಳುವವನು. ತಾಲೀಮಿಗೆ ಹೋದಾಗ ಆತನ ಪ್ರವೇಶಕ್ಕೆ ಕವ್ವಾಲಿ ಸಿದ್ಧವಾಗಿತ್ತು, ಹಸಿರು ದುಪಟ್ಟಾ, ಚಪ್ಪಾಳೆ ಸಮೇತ.

'ಇವನು ಯಾಕಪ್ಪಾ ಕವ್ವಾಲಿ ಹಾಡಬೇಕು?' ಎಂದು ಕೇಳಿದೆವು.

'ಮುಸ್ಲಿಂ ಪಾತ್ರ ಅಲ್ವಾ ಸಾರ್, ಒಂದು ವಾತಾವರಣ ಬೇಕು' ಎಂದ ನಿರ್ದೇಶಕ. ಒಳ್ಳೆಯ ಹುಡುಗ, ಮನಸ್ಸಿನಲ್ಲಿ ಕೊಳೆಯಿಲ್ಲ.

'ಅವನು ದರ್ಗಾಕ್ಕೆ ಹೋಗಿ ಹತ್ತು ವರ್ಷ ಆಯಿತು. ತಕ್ಕಡಿ ಹಿಡಿದಾಗ ಪಿ.ಬಿ. ಶ್ರೀನಿವಾಸರ ಹಾಡು ಗುನುಗುತ್ತಾನೆ. ಕತೆಯಲ್ಲಿ ಬರೆದಿದೆಯಲ್ಲ?'

ಹಾರ್ಮೋನಿಯಂ ಮುಂದೆ ಕುಳಿತಿದ್ದ ಸಂಗೀತದ ಹುಡುಗ ತಲೆಯೆತ್ತಿದ. 'ಸಾರ್, ಅವನು ಗಲ್ಲಿಯಲ್ಲಿ ಹೇಗೆ ಕೂಗ್ತಾನೆ, ಒಂದ್ಸಲ ಕೂಗಿ ತೋರಿಸಿ' ಎಂದ. ನಾವು ಸಂಕೋಚ ಬಿಟ್ಟು ಕೂಗಿದೆವು: ಹಳೇ ಪೇಪರ್, ಹಳೇ ಕಬ್ಬಿಣ, ಖಾಲೀ ಸೀಸಾ! ಆತ ಕೊನೆಯ ಎಳೆತವನ್ನು ಎರಡು ಸಲ ನುಡಿಸಿ ನೋಡಿ, ಅಲ್ಲಿಂದಲೇ ಧಾಟಿ ಹಿಡಿದ. ಅರ್ಧ ಗಂಟೆಯಲ್ಲಿ ಗುಜರಿಯವನಿಗೆ ಆತನದೇ ಹಾಡು ಬಂತು. ಆತ ಈಗಲೂ ಕದ್ದ ಮಾಲು ಕೊಳ್ಳುತ್ತಾನೆ, ಅದನ್ನು ಬದಲಿಸಬೇಕೆಂದು ನಾವು ಕೇಳಲಿಲ್ಲ. ಆದರೆ ಈಗ ಆತ ನಮ್ಮ ಗಲ್ಲಿಯ ಒಬ್ಬ ಮನುಷ್ಯ. ಬಾರ್ಟ್ ಏನು ಮಾಡಿದ ಎಂಬುದು ಪುಸ್ತಕಗಳಿಗಿಂತ ಆ ಸಂಜೆ ನಮಗೆ ಹೆಚ್ಚು ತಿಳಿಯಿತು.

ಉರ್ದು ರಂಗಭೂಮಿ ಇದೇ ಯಹೂದಿಯನ್ನು ಹೇಗೆ ಕಂಡಿತು ಎಂಬುದನ್ನೂ ಇಲ್ಲಿ ನೆನೆಯಬೇಕು. ಪಾರ್ಸಿ ಕಂಪೆನಿಗಳ ಕಾಲದ ದೊಡ್ಡ ನಾಟಕಕಾರ ಆಗಾ ಹಶ್ರ್ ಕಾಶ್ಮೀರಿ ಅವರು 1913ರ ಸುಮಾರಿಗೆ 'ಯಹೂದಿ ಕೀ ಲಡ್ಕಿ' ಬರೆದರು. ಅದರ ಬೇರು ಫ್ರಾನ್ಸಿನಲ್ಲಿದೆ. 1835ರಲ್ಲಿ ಪ್ಯಾರಿಸ್ಸಿನಲ್ಲಿ ಬಂದ 'ಲಾ ಜುಯಿವ್' ಎಂಬ ಸಂಗೀತ ನಾಟಕ ಅದು, ಸಂಗೀತ ಕೊಟ್ಟ ಹಾಲೆವಿ ಕೂಡ ಯಹೂದಿಯೇ. ಅಲ್ಲಿಂದ ಇಂಗ್ಲಿಷಿಗೆ, ಇಂಗ್ಲಿಷಿನಿಂದ ಉರ್ದುವಿಗೆ ಬರುವಷ್ಟರಲ್ಲಿ ದಬ್ಬಾಳಿಕೆ ಮಾಡುವವರು ರೋಮನರಾಗಿದ್ದರು. ಮಗನನ್ನು ಕಳಕೊಂಡ ಯಹೂದಿ ತಂದೆ ತನ್ನ ಶತ್ರುವಿನ ಮಗಳನ್ನೇ ಸಾಕುತ್ತಾನೆ. ನೋಡುತ್ತಿದ್ದವರು ಬ್ರಿಟಿಷರ ಆಳ್ವಿಕೆಯ ಹಿಂದೂ ಮುಸ್ಲಿಮರು. ರೋಮನ್ ಎಂದರೆ ಯಾರೆಂದು ಅವರಿಗೆ ಬಿಡಿಸಿ ಹೇಳಬೇಕಿರಲಿಲ್ಲ. 1958ರಲ್ಲಿ ಬಿಮಲ್ ರಾಯ್ ಇದನ್ನೇ 'ಯಹೂದಿ' ಎಂದು ತೆರೆಗೆ ತಂದಾಗ ಸೊಹ್ರಾಬ್ ಮೋದಿ ಆ ತಂದೆಯಾದರು, ದಿಲೀಪ್ ಕುಮಾರ್ ರೋಮನ್ ರಾಜಕುಮಾರ. ಲಂಡನ್ನಿನಲ್ಲಿ ಗಿನ್ನೆಸ್ ಮೂಗು ಅಂಟಿಸಿಕೊಂಡ ಹತ್ತು ವರ್ಷಕ್ಕೆ ಬೊಂಬಾಯಿಯ ಪ್ರೇಕ್ಷಕ ಯಹೂದಿ ತಂದೆಗಾಗಿ ಕಣ್ಣೀರು ಹಾಕಿದ. ಇಂದು ಫೆಲೆಸ್ತೀನಿನ ನೋವಿನಲ್ಲಿ ನಾವು ಯಹೂದಿ ಎಂಬ ಪದವನ್ನು ಎಚ್ಚರವಿಲ್ಲದೆ ಬಳಸುವಾಗ ಈ ಪರಂಪರೆ ನಮ್ಮದೂ ಎಂಬುದನ್ನು ಮರೆಯಬಾರದು. ಒಂದು ಸರಕಾರದ ಪಾಪವನ್ನು ಒಂದು ಜನದ ಹೆಸರಿನಿಂದ ಕರೆಯುವುದು ಡಿಕನ್ಸ್ ಮಾಡಿದ ಕೆಲಸವೇ.

ಬಾರ್ಟ್‌ನ ಮುಂದಿನ ಬದುಕು ಸುಖದ್ದಲ್ಲ. ಬಾಂಬ್ ದಾಳಿಯ ಕಾಲದ ಈಸ್ಟ್ ಎಂಡ್ ಕುರಿತ 'ಬ್ಲಿಟ್ಝ್!' 1962ರಲ್ಲಿ, ಲಿವರ್‌ಪೂಲ್ ಬಂದರಿನ 'ಮ್ಯಾಗಿ ಮೇ' 1964ರಲ್ಲಿ ಬಂದು ಚೆನ್ನಾಗಿಯೇ ನಡೆದವು. ಆಮೇಲೆ ರಾಬಿನ್ ಹುಡ್ ಕತೆಯನ್ನು ಹಾಸ್ಯ ಮಾಡುವ 'ಟ್ವ್ಯಾಂಗ್!!' ಎಂಬ ನಾಟಕಕ್ಕೆ ಕೈಹಾಕಿದ. ತಾಲೀಮಿನಲ್ಲೇ ಜಗಳ, ನಿರ್ದೇಶಕಿ ಜೋನ್ ಲಿಟಲ್‌ವುಡ್ ಬಿಟ್ಟು ನಡೆದಳು, ದೃಶ್ಯಗಳು ದಿನಕ್ಕೊಂದು ರೀತಿ ಬದಲಾದವು. ಹಣ ಹಾಕುವವರು ಹಿಂಜರಿದಾಗ ಬಾರ್ಟ್ ತನ್ನದನ್ನೇ ಸುರಿದ. ಅದು ಸಾಲದೆ ತನ್ನ ಕೃತಿಗಳ ಹಕ್ಕುಗಳನ್ನು ಮಾರಿದ. 'ಆಲಿವರ್!'ನ ಹಕ್ಕು ಗಾಯಕ ಮ್ಯಾಕ್ಸ್ ಬೈಗ್ರೇವ್ಸ್‌ಗೆ 350 ಪೌಂಡಿಗೆ ಹೋಯಿತು. ಅದೇ ಹಕ್ಕನ್ನು ಆತ ಮುಂದೆ ಎರಡೂವರೆ ಲಕ್ಷ ಪೌಂಡಿಗೆ ಮಾರಿದ. 1965ರ ಡಿಸೆಂಬರಿನಲ್ಲಿ ತೆರೆಕಂಡ 'ಟ್ವ್ಯಾಂಗ್!!' 43 ಪ್ರದರ್ಶನಗಳಿಗೆ ಮುಗಿಯಿತು. 1969ರಲ್ಲಿ ನ್ಯೂಯಾರ್ಕಿನಲ್ಲಿ 'ಲಾ ಸ್ತ್ರಾದಾ' ಒಂದೇ ರಾತ್ರಿಗೆ ಮುಚ್ಚಿತು. 1972ರಲ್ಲಿ ಬಾರ್ಟ್ ದಿವಾಳಿಯಾದ. ಕುಡಿತ ಅದಕ್ಕೂ ಮೊದಲೇ ಆತನನ್ನು ಹಿಡಿದಿತ್ತು. ಮಕ್ಕಳ ಜೇಬಿಗೆ ಕೈಹಾಕಲು ಕಲಿಸುವವನ ಹಾಡು ಬರೆದವನ ಜೇಬೇ ಖಾಲಿಯಾಯಿತು, ಅದೂ ಆತನದೇ ರುಜುವಿನಿಂದ.

ನಮ್ಮ ನಡುವೆ ಬರೆಯುವವರಿಗೂ ಹಾಡು ಕಟ್ಟುವವರಿಗೂ ಇಲ್ಲಿ ಪಾಠವಿದೆ. ಹೊಸ ಕೆಲಸದ ಮೋಹದಲ್ಲಿ ಹಳೆಯ ಕೆಲಸವನ್ನು ಅಡವಿಡುವುದು ಕಲಾವಿದನ ಹಳೇ ಚಾಳಿ. ನಮ್ಮ ಕಂಪೆನಿಗಳ ಎಷ್ಟು ಕವಿಗಳು ಒಪ್ಪೊತ್ತಿನ ಊಟಕ್ಕೆ ನಾಟಕ ಬರೆದುಕೊಟ್ಟು ಹೆಸರೂ ಇಲ್ಲದೆ ಹೋದರೋ! 1994ರಲ್ಲಿ ಕ್ಯಾಮರನ್ ಮ್ಯಾಕಿಂಟಾಷ್ ಎಂಬ ನಿರ್ಮಾಪಕ ಲಂಡನ್ ಪಲೇಡಿಯಂನಲ್ಲಿ 'ಆಲಿವರ್!' ಅನ್ನು ಮತ್ತೆ ಏರಿಸಿದಾಗ, ಕಾನೂನು ಕೇಳದಿದ್ದರೂ ಬಾರ್ಟ್‌ಗೆ ಆದಾಯದಲ್ಲಿ ಪಾಲು ಕೊಟ್ಟ. ಮುದುಕ ಬಾರ್ಟ್ ತಾಲೀಮಿಗೆ ಬಂದು ಹಾಡುಗಳನ್ನು ತಿದ್ದಿದ. 1999ರ ಏಪ್ರಿಲ್ 3ರಂದು ತೀರಿಕೊಂಡ.

ಬಾರ್ಟ್ ಹುಟ್ಟಿ ಬೆಳೆದ ಬೀದಿಗಳಲ್ಲಿ ಈಗ ಹೆಚ್ಚಾಗಿ ಇರುವವರು ಬಂಗಾಳಿ ಮುಸ್ಲಿಮರು. ಅಲ್ಲೇ ಸಮೀಪದ ಬ್ರಿಕ್ ಲೇನ್‌ನಲ್ಲಿ ಒಂದು ಕಟ್ಟಡವಿದೆ. 1743ರಲ್ಲಿ ಫ್ರಾನ್ಸಿನಿಂದ ಓಡಿಬಂದ ಪ್ರಾಟೆಸ್ಟೆಂಟರು ಕಟ್ಟಿದ ಚರ್ಚು ಅದು. 19ನೇ ಶತಮಾನದ ಕೊನೆಗೆ ಯಹೂದಿಗಳ ಸಿನಗಾಗಾಯಿತು. 1976ರಿಂದ ಜಾಮೆ ಮಸೀದಿ. ಬಂದವರೆಲ್ಲ ಒಂದಲ್ಲ ಒಂದು ಕಡೆಯಿಂದ ಅಟ್ಟಿಸಿಕೊಂಡೋ ಹೊಟ್ಟೆಪಾಡಿಗೋ ಬಂದವರು. ಬಂದವರೆಲ್ಲ ಬಟ್ಟೆಯ ಕೆಲಸಕ್ಕೆ ಕುಳಿತರು. ಬಂದವರೆಲ್ಲ ಒಂದು ತಲೆಮಾರು ಪತ್ರಿಕೆಗಳ ಫೇಗಿನ್ ಆದರು. ಈ ತಲೆಮಾರಿನ ಮಕ್ಕಳಲ್ಲಿ ಯಾವನಾದರೂ ಈಗ ಗುನುಗುತ್ತಿರಬಹುದು.

ಬಾರ್ಟ್ ಅರವತ್ತರ ದಶಕದಲ್ಲೇ ಕೈಗೆತ್ತಿಕೊಂಡು ಬದುಕಿನುದ್ದಕ್ಕೂ ರಂಗ ಕಾಣಿಸಲಾಗದ ಇನ್ನೊಂದು ಕೆಲಸವಿತ್ತು. ವಿಕ್ಟರ್ ಹ್ಯೂಗೋ 1831ರಲ್ಲಿ ಬರೆದ, ಪ್ಯಾರಿಸ್ಸಿನ ದೊಡ್ಡ ಚರ್ಚಿನ ಗೂನುಬೆನ್ನಿನ ಘಂಟೆಗಾರನ ಕತೆ ಅದು. ನಾಟಕದ ಹೆಸರು 'ಕ್ವಾಸಿಮೋದೊ'. ಮಾಡುವವರು ಸಿಗಲಿಲ್ಲ, ಹಸ್ತಪ್ರತಿ ಉಳಿಯಿತು. ಆತ ಸತ್ತು ಹದಿನಾಲ್ಕು ವರ್ಷವಾದ ಮೇಲೆ, 2013ರಲ್ಲಿ, ಆಗ ಲಂಡನ್ನಿನ ಪಬ್ಬೊಂದರ ಹಿಂಬದಿಯ ಕೋಣೆಯಲ್ಲಿ ನಡೆಯುತ್ತಿದ್ದ ಕಿಂಗ್ಸ್ ಹೆಡ್ ಥಿಯೇಟರಿನಲ್ಲಿ ಅದು ಮೊದಲಬಾರಿಗೆ ಪ್ರದರ್ಶನ ಕಂಡಿತು. ಘಂಟೆಯ ಸದ್ದಿಗೇ ಕಿವುಡಾದವನು ಕ್ವಾಸಿಮೋದೊ. ಊರು ಕಲ್ಲೆಸೆಯುವವನು. ಅಂಥವನಿಗೂ ಹಾಡು ಬೇಕೆಂದು ಸ್ವರಲಿಪಿ ಬಾರದ ದರ್ಜಿಯ ಮಗನಿಗೆ ಅನ್ನಿಸಿತ್ತು.